ಷರಾ

ಜಮಖಂಡಿ ಕೋರ್ಟಿನ ಬೇಲಿಫ ನಾನು, ಯಮನಪ್ಪ.
ಹೆಸರ ಕೇಳಿ ಮಂದಿ ನಗತಾರ:
‘ಬಂದ ನೋಡ್ರಿ ಯಮ, ಇವತ್ತ ಯಾರ ಪಾಳಿ?’
ಇಪ್ಪತ್ತಾರು ವರ್ಷ ಹಿಂಗ ಕದಾ ಬಡದೇನಿ.
ಹಿತ್ತಲಾ ಜಿಗದು ಓಡಿದವರನ್ನ ಕಂಡೇನಿ.
ಒಬ್ಬಾಂವ ಎಮ್ಮಿ ಹಿಂದ ಕುಂತಿದ್ದ,
ಎಮ್ಮೀನ ಸರದು ನಿಂತು ತೋರಿಸಿಕೊಟ್ಟಿತು.

ಆದರ ಕುಂಚನಾಳ ಮಠದಂಥಾ ಕದಾ ನಾ ಕಂಡಿಲ್ಲ.
ಅದು ಹಗಲೆಲ್ಲಾ ತೆರದೇ ಇರತೈತಿ.

ದಾವೆ ಹಾಕಿದಾಂವ ಪ್ರೆಸ್ಸಿನ ಮಿರಜಕರ:
ಅಜ್ಜಾರ ಪ್ರವಚನ, ಮೂರು ಸಾವಿರ ಪ್ರತಿ, ರಟ್ಟಿನ ಬೈಂಡು,
ನಾಲ್ಕು ಲಕ್ಷ ಹನ್ನೆರಡು ಸಾವಿರ ಬಾಕಿ.

ಮೊದಲ ಸಲ ಹೋದಾಗ ಅಜ್ಜಾರು ಪೂಜಾದಾಗ.
ಮುಗಿಯೂತನಕ ಕುಂತೆ. ಮುಗೀಲಿಲ್ಲ.
ದಾಸೋಹದಾಗ ನುಚ್ಚು ಮಜ್ಜಿಗಿ ನೀಡಿದರು,
ಉಂಡು ಬಂದು ಷರಾ ಬರದೆ: ‘ಸಿಗಲಿಲ್ಲ.’

ಎರಡನೇ ಸಲ ಮೌನ.
ಮೌನದಾಗ ಸಹಿ ಮಾಡಾಕ ಬರತೈತಲ್ರಿ, ಅಂದೆ.
‘ಪೆನ್ನೂ ಮಾತಾಡತೈತಿ’ ಅಂದ ಮಠದ ವಕೀಲ.

ಆಮ್ಯಾಲೆ ಸೋಲಾಪುರಕ್ಕ ಹೋಗ್ಯಾರ ಅಂದರು.
ಅಂಗಳದಾಗಿನ ಬಿಳಿ ಕಾರಿನ ಬಾನೆಟ್ಟು ಮುಟ್ಟಿ ನೋಡಿದೆ,
ಈಗ ಒಲಿ ಇಳಿಸಿದ ಹಂಚಿನಂಗ ಬಿಸಿ.

ರಿಜಿಸ್ಟರ ಪೋಸ್ಟು ಹೋತು. ಟಪಾಲಿನಾಂವ ಮಠದ ಭಕ್ತ.
‘ವಿಳಾಸದಾರರು ಊರಾಗಿಲ್ಲ’ ಅಂತ ಲಕೋಟಿ ತಿರುಗಿ ಬಂತು,
ಮೂಲ್ಯಾಗ ವಿಭೂತಿ ಬಟ್ಟಿನ ಗುರುತು.
ಕದಕ್ಕ ಅಂಟಿಸಿ ಬಂದೆ.
ಮರುದಿನ ಅದರ ಮ್ಯಾಲೆ ಪಾದಪೂಜಾದ ಪೋಸ್ಟರು.

ಕಡೀಕ ಆ ವಕೀಲ ಕಾಗದ ಬೆಳಕಿಗೆ ಹಿಡದು ಓದಿದ:
‘ಚನ್ನವೀರಯ್ಯ ಗದಿಗೆಯ್ಯ ಸಾಲಿಮಠ.
ಅಂವಾ ತೀರಕೊಂಡು ಇಪ್ಪತ್ತೆರಡು ವರ್ಷ ಆತಲ್ಲೋ.
ಕಾವಿ ಉಟ್ಟ ದಿನಾನ ಪೂರ್ವಾಶ್ರಮ ಸತ್ತೈತಿ.
ಸತ್ತವರಿಗೆ ಸಮನ್ಸ್ ಕೊಡಾಕ ಬಂದಿ,
ಯಮನಪ್ಪ ಅಂತ ಹೆಸರಿಟಗೊಂಡು
ಇಷ್ಟೂ ತಿಳಿಯಂಗಿಲ್ಲೇನ?’

ಚನ್ನೀರನ್ನ ನಾ ಬಲ್ಲೆ. ನಮ್ಮೂರಾಂವ.
ಸಾಲ್ಯಾಗ ಅವರು ಮಾಸ್ತರ ಮೇಜಿನ ಹಂತ್ಯಾಕ,
ನಾವು ಗ್ವಾಡಿ ಹಂತ್ಯಾಕ.
ಕಣ್ಣಮುಚ್ಚಾಟದಾಗ ಮಾತ್ರ ಎಲ್ಲಾರೂ ಕೂಡತಿದ್ದಿವಿ.
ಒಂದು ಸಂಜಿ ಹಳೇ ಹಗೇವಿನ್ಯಾಗ ಇಳದು ಅಡಗಿದಾಂವ
ಮ್ಯಾಲೆ ಬರಾಕ ಆಗದ ಅಳಾಕತ್ತಿದ್ದ.
ಕೈ ಕೊಟ್ಟು ಎಳದಾಂವ ನಾನು.
ಆ ರಾತ್ರಿ ಅವರವ್ವ ಅವಗ ಜಳಕಾ ಮಾಡಿಸಿದಳಂತ.

ಇವತ್ತ ಅಮಾಸಿ. ಧೋತರ ಉಟಗೊಂಡು ದರ್ಶನದ ಪಾಳಿಯೊಳಗ ನಿಂತೆ.
ತಾಟಿನ್ಯಾಗ ಟೆಂಗು, ಎರಡು ಬಾಳಿಹಣ್ಣು, ಊದಿನಕಡ್ಡಿ,
ಅದರ ಬುಡಕ ಮಡಚಿದ ಓ.ಎಸ್. ನಂಬರ ೨೧೭.
ನನ್ನ ಮುಂದಿನ ಮುದುಕಿ ಮಮ್ಮಗನ ಜ್ವರಕ್ಕ ಭಸ್ಮ ಬೇಡಿದಳು.
ಅಜ್ಜಾರು ಕಣ್ಣು ಮುಚ್ಚೇ ಕೊಟ್ಟರು.
ಕಣ್ಣು ಮುಚ್ಚೇ ನನ್ನ ತಾಟಿನ ಹಣ್ಣು ಸರಿಸಿದರು.
ಕಾಗದಕ್ಕ ಬೆರಳು ಹತ್ತಿತು.
ನಿಂತಿತು.
ಕಣ್ಣು ತೆರದರು.
‘ಯಮನ್ಯಾ’ ಅಂದಂಗಾತು, ಬರೇ ತುಟಿ.

ಆಮ್ಯಾಲೆ ಸಮನ್ಸಿನ ಮ್ಯಾಲೆ ಮೂರು ಬೆರಳಿನ ವಿಭೂತಿ ಎಳದು,
ಒಂದು ಬಾಳಿಹಣ್ಣು ಇಟ್ಟು,
ಪ್ರಸಾದ ಮಾಡಿ ನನ್ನ ಕೈಯಾಗನ ತಿರುಗಿ ಕೊಟ್ಟರು.

ಹಿಂದಿನವರಿಗೆ ಕೇಳಿದೆ: ನೋಡಿದ್ರಿಲ್ಲೋ? ಸಾಕ್ಷಿ ಸಹಿ ಹಾಕ್ರಿ.
ಇನ್ನೂರು ಮಂದಿ ಕೈ ಮುಗದು ನಿಂತಿದ್ದರು.
ಮುಗದ ಕೈಯಾಗ ಪೆನ್ನು ಹೆಂಗ ಹಿಡದಾರು?

ಈಗ ಬಸ್ಸಿನ್ಯಾಗ ಕುಂತೇನಿ.
ಸಮನ್ಸಿನ ಹಿಂದ ನಾಕು ಬಟ್ಟು ಜಾಗಾ ಉಳದೈತಿ.
‘ಮುಟ್ಟಿತು’ ಅಂತ ಬರದರ, ಮುಟ್ಟಿದ್ದು ಖರೇನ.
ಯಾರು ಯಾರನ್ನ ಮುಟ್ಟಿದರು ಅಂತ ಸಾಹೇಬರು ಕೇಳಿದರ
ಹಗೇವಿನಿಂದ ಶುರು ಮಾಡಬೇಕಾಗತೈತಿ.
ಪೆನ್ನಿನ ಟೊಪಗಿ ತಗದು ಹಿಡದೇನಿ.
ಕಬ್ಬಿನ ಗಾಡಿ ಕೆಡಿಸಿದ ರಸ್ತೆ, ಬಸ್ಸು ಕುಲುಕತೈತಿ,
ಕಾಗದದ ಮ್ಯಾಲಿನ ವಿಭೂತಿ ಚೂರ ಚೂರ ಉದರಾಕತ್ತೈತಿ.
ಬಿಳಿ ಧೋತರದ ಮ್ಯಾಲೆ ಬಿದ್ದದ್ದು
ಕಾಣವಲ್ತು.